ವಿಯಾನಾದಲ್ಲಿ ಒಳ್ಳೆಮೆಣಸು

ನಮ್ಮ ಕಡೆ, ಎಂದರೆ ಕುಂದಾಪುರದ ಸುತ್ತುಮುತ್ತಿನ ಹಳ್ಳಿಗಳಲ್ಲಿ, ಕಾಳುಮೆಣಸನ್ನು 'ಒಳ್ಳೆಮೆಣಸು' ಎಂದು ಕರೆಯುವುದು ವಾಡಿಕೆ. ತುಳುವಿನಲ್ಲಿಯೂ ಅದು 'ಎಡ್ಡೆ ಮುಂಚಿ'ಯೇ. ಒಂದು ವಸ್ತುವಿಗೆ 'ಒಳ್ಳೆಯದು' ಎಂಬ ವಿಶೇಷಣ ಅಂಟಿಕೊಂಡಿತೆಂದರೆ, ಅದರ ಹೆಸರನ್ನೇ ಹೊತ್ತ ಇನ್ನೊಂದು ವಸ್ತು ಮಗ್ಗುಲಲ್ಲಿ ಬಂದು ಕುಳಿತಿದೆ ಎಂದೇ ತಿಳಿಯಬೇಕು. ಮೆಣಸೆಂದರೆ ಕಾಳುಮೆಣಸು ಮಾತ್ರವೇ ಆಗಿದ್ದ ಕಾಲದಲ್ಲಿ ಅದನ್ನು ಒಳ್ಳೆಯದೆನ್ನುವ ಅಗತ್ಯ ಯಾರಿಗೂ ಇರಲಿಲ್ಲ. ಅಮೆರಿಕದ ಮೆಣಸಿನಕಾಯಿ ಪೋರ್ತುಗೀಸರ ಹಡಗನ್ನೇರಿ ನಮ್ಮ ದಡಕ್ಕೆ ಬಂದಿಳಿದ ಮೇಲೆ ಹಳೆಯ ಮೆಣಸು ತನ್ನ ಹೆಸರಿಗೆ 'ಕಾಳು', 'ಕರಿ', 'ಒಳ್ಳೆ' ಎಂಬ ಗುರುತುಗಳನ್ನು ಹಚ್ಚಿಕೊಳ್ಳಬೇಕಾಯಿತು. ತರಗತಿಯಲ್ಲಿ ಈ ಉದಾಹರಣೆಯನ್ನು ಹಲವು ವರ್ಷ ಹೇಳಿದ್ದೇನೆ; ಹುಡುಗರು ಬರೆದುಕೊಂಡಿದ್ದಾರೆ. ಆದರೆ ಅದರ ಅರ್ಥ ನನಗೇ ಪೂರ್ತಿಯಾಗಿ ತಿಳಿದದ್ದು ೨೦೨೪ರ ಆಗಸ್ಟಿನಲ್ಲಿ, ಪೋರ್ತುಗಲ್ಲಿನ ಒಂದು ಕಡಲೂರಿನಲ್ಲಿ.

ನನ್ನ ತಮ್ಮ ಕೆಲವು ವರ್ಷಗಳಿಂದ ಪೋರ್ತು ನಗರದಲ್ಲಿ ಕೆಲಸದಲ್ಲಿದ್ದಾನೆ. ೨೦೨೧ರ ಆಗಸ್ಟಿನಲ್ಲಿ ಅಮ್ಮ ತೀರಿಕೊಂಡಾಗ ಸಾಂಕ್ರಾಮಿಕದ ದೆಸೆಯಿಂದ ವಿಮಾನ ಸಿಗದೆ ಅವನು ಬರಲಾಗಲಿಲ್ಲ. ಆಮೇಲಿನ ತಿಥಿಗಳಿಗೂ ಒಂದಲ್ಲ ಒಂದು ಅಡ್ಡಿ. ನಾನು ಫೋನಿನಲ್ಲಿ ಎರಡು ಮಾತು ಕಟುವಾಗಿಯೇ ಆಡಿದ್ದೆ, ಅವನು, "ಮೆಣಸಿನಕಾಯಿ ಹಾಕದೆ ಅಡಿಗೆ ಮಾಡಿದರೆ ಅಮ್ಮ ಬರುತ್ತಾಳೆಯೇ, ಅಣ್ಣ?" ಎಂದು ಕೇಳಿ ಫೋನು ಇಟ್ಟಿದ್ದ. ಕೊನೆಗೆ ನಾನೇ ಗಳಿಕೆ ರಜೆ ಹಾಕಿ ಹೊರಟೆ. ಆ ವರ್ಷ ಅಮ್ಮನ ತಿಥಿ, ಶ್ರಾವಣ ಬಹುಳ ಬಿದಿಗೆ, ಆಗಸ್ಟ್ ೨೧ಕ್ಕೆ ಬಿದ್ದಿತ್ತು. ಒಂದು ವಾರ ಮೊದಲೇ ತಲುಪಿದ ನನ್ನನ್ನು ಸಮಾಧಾನಪಡಿಸುವುದಕ್ಕೋ ಏನೋ, "ಪ್ರವಾಸಿಗರಿಗೆ ತೋರಿಸುವ ಊರು ಬೇಡ. ಅಪ್ಪಟ ಊಟ, ಅಪ್ಪಟ ಹಬ್ಬ ಇರುವಲ್ಲಿಗೆ ಹೋಗುವ," ಎಂದು ತಮ್ಮ ನನ್ನನ್ನು ರೈಲು ಹತ್ತಿಸಿದ. 'ಅಪ್ಪಟ' ಎಂಬ ಆ ಮಾತೇ ಮುಂದಿನ ನಾಲ್ಕು ದಿನ ನನ್ನನ್ನು ಕಾಡಿತು.

ಊರಿನ ಹೆಸರು ವಿಯಾನಾ ದು ಕಾಸ್ತೆಲು. ಪೋರ್ತುವಿನಿಂದ ಉತ್ತರಕ್ಕೆ, ಲೀಮಾ ನದಿ ಅಟ್ಲಾಂಟಿಕ್ ಸಾಗರವನ್ನು ಸೇರುವ ಅಳಿವೆಯ ದಡದಲ್ಲಿದೆ. ೧೨೫೮ರಲ್ಲಿ ದೊರೆ ಮೂರನೆಯ ಅಫೊನ್ಸು ಇದಕ್ಕೆ ಸನ್ನದು ಕೊಟ್ಟ; ೧೮೪೮ರಲ್ಲಿ ರಾಣಿ ಎರಡನೆಯ ಮರಿಯಾ ಇದನ್ನು ನಗರವೆಂದು ಸಾರಿ ಈಗಿನ ಹೆಸರಿಟ್ಟಳು. ರೈಲು ನದಿಯನ್ನು ದಾಟುವ ಕಬ್ಬಿಣದ ಸೇತುವೆ ೧೮೭೮ರದು. ಪ್ಯಾರಿಸ್ಸಿನ ಗೋಪುರ ಕಟ್ಟಿದ ಐಫೆಲನ ಸಂಸ್ಥೆಯೇ ಇದನ್ನೂ ಕಟ್ಟಿತು. ಒಂದು ಕಡೆ ಸಾಂತಾ ಲುಜಿಯಾ ಗುಡ್ಡ, ಅದರ ನೆತ್ತಿಯ ಮೇಲೆ ಇಗರ್ಜಿ. ಇನ್ನೊಂದು ಕಡೆ ಕಡಲು. ನಡುವೆ ನದಿ, ದೋಣಿ, ಮೀನಿನ ವಾಸನೆ. ಗಂಗೊಳ್ಳಿಯ ಅಳಿವೆಯನ್ನು ನೋಡಿ ಬೆಳೆದ ನನಗೆ ನಿಲ್ದಾಣದಿಂದ ಹೊರಬಿದ್ದ ಕೂಡಲೆ ಮೂಗಿಗೆ ಊರು ಪರಿಚಿತವೆನಿಸಿತು.

ನಾವು ಇಳಿದುಕೊಂಡದ್ದು ಮೀನುಗಾರರ ಕೇರಿಯಾದ ರಿಬೈರಾದಲ್ಲಿ, ಎಂಬತ್ತು ದಾಟಿದ ಒಬ್ಬ ವಿಧವೆಯ ಮನೆಯ ಮಾಳಿಗೆಯಲ್ಲಿ. ಹಬ್ಬದ ದಿನಗಳಲ್ಲಿ ಆಕೆ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾಳೆ. ನನ್ನ ಕೈಗೆ ಬೀಗದಕೈ ಕೊಡುತ್ತ ಆಕೆ ಅಂದ ಮೊದಲ ಶಬ್ದ 'ಶಾವ್'. ನಮ್ಮ 'ಚಾವಿ'ಯ ತಾಯಿ ಅದು. ಅದನ್ನಿಡಲು ತೋರಿಸಿದ ಮೇಜು ಅವರಿಗೆ 'ಮೆಜ'. ಬಟ್ಟೆಯಿಡುವ ಅಲಮಾರು 'ಅರ್ಮಾರಿಯು'. ಪಾದ್ರಿ, ಮೇಸ್ತ್ರಿ, ಅನಾನಸು, ಬಟಾಟೆ, ಇವೆಲ್ಲ ಆ ಊರಿನ ಬೀದಿಯಲ್ಲಿ ದಿನವೂ ಕೇಳಿಬರುವ ಶಬ್ದಗಳು. ಪುಸ್ತಕದಲ್ಲಿ ಓದಿದ್ದ ಈ ಪಟ್ಟಿಯನ್ನು ಒಬ್ಬ ಮುದುಕಿಯ ಬಾಯಿಯಲ್ಲಿ ಕೇಳಿದಾಗ, ದೂರದ ನೆಂಟರ ಮನೆಗೆ ಬಂದು ಅವರ ಅಟ್ಟದ ಮೇಲೆ ನಮ್ಮ ಮನೆಯ ಹಳೆಯ ಪಾತ್ರೆಗಳನ್ನು ಕಂಡಂತಾಯಿತು.

ಇನ್ನು ಊಟದ ಮಾತು. ಮೀನೂರಿಗೆ ಹೋದ ಸಸ್ಯಾಹಾರಿಯ ಪಾಡನ್ನು ಓದುಗರು ಊಹಿಸಿಕೊಳ್ಳಬಹುದು. "ಇಲ್ಲಿಯ ಅಪ್ಪಟ ಊಟವೆಂದರೆ ಕಾಲ್ದು ವೆರ್ದ್, ಹಸಿರು ಸಾರು, ಅದರಲ್ಲಿ ಸೊಪ್ಪೇ ಇರುವುದು," ಎಂದು ತಮ್ಮ ಧೈರ್ಯ ಹೇಳಿದ. ಬೇಯಿಸಿ ಅರೆದ ಬಟಾಟೆಯ ತಿಳಿಯಲ್ಲಿ ಕೂದಲೆಳೆಯಂತೆ ಹೆಚ್ಚಿದ ಕೋಸಿನ ಜಾತಿಯ ಎಲೆಗಳನ್ನು ಕುದಿಸಿ, ಮೇಲೆ ಆಲಿವ್ ಎಣ್ಣೆ ಬಿಟ್ಟ ಸಾರು. ಬಂದ ಬಟ್ಟಲಿನಲ್ಲಿ ಹಂದಿಮಾಂಸದ ಒಂದು ಬಿಲ್ಲೆ ಸಾಲಿಗ್ರಾಮದಂತೆ ತೇಲುತ್ತಿತ್ತು! ಅದಿಲ್ಲದ ಇನ್ನೊಂದು ಬಟ್ಟಲು ತರಿಸಿಕೊಂಡು, ಜೋಳದ ಹಿಟ್ಟಿಗೆ ರೈ ಹಿಟ್ಟು ಬೆರೆಸಿ ಸುಟ್ಟ 'ಬ್ರೋವ' ಎಂಬ ಗಟ್ಟಿ ರೊಟ್ಟಿಯೊಂದಿಗೆ ಉಂಡೆ. ರುಚಿಯಾಗಿತ್ತು. ನಮ್ಮ ಬಸಳೆಯ ಹುಳಿಗೆ ಮೆಣಸು, ಹುಳಿ ಎರಡೂ ಇಲ್ಲದಿದ್ದರೆ ಹೇಗೋ ಹಾಗೆ, ಸಾಧುವಾದ ರುಚಿ.

ಆದರೆ ಉಣ್ಣುತ್ತ ಉಣ್ಣುತ್ತ ಒಂದು ಸಂಗತಿ ಹೊಳೆಯಿತು. ಸಾರಿನ ಮೈಯೆಲ್ಲ ಬಟಾಟೆ. ಅದು ದಕ್ಷಿಣ ಅಮೆರಿಕದ್ದು. ರೊಟ್ಟಿಯ ಮೈಯೆಲ್ಲ ಮೆಕ್ಕೆಜೋಳ, ಅದೂ ಅಮೆರಿಕದ್ದೇ. ೧೬ನೆಯ ಶತಮಾನದಲ್ಲಿ ಬಂದ ಈ ಜೋಳ ಮಿನ್ಯು ಸೀಮೆಯ ಮಳೆಗೂ ನೆಲಕ್ಕೂ ಎಷ್ಟು ಒಗ್ಗಿತೆಂದರೆ, ಅಲ್ಲಿನ ಬೇಸಾಯದ ರೀತಿಯೇ ಬದಲಾಯಿತು. ತೆನೆ ಒಣಗಿಸಲು ಕಲ್ಲಿನ ಕಾಲುಗಳ ಮೇಲೆ ನಿಲ್ಲಿಸಿದ ಕಣಜಗಳು ಹುಟ್ಟಿದವು. ಹತ್ತಿರದ ಸೊವಾಜು ಎಂಬ ಹಳ್ಳಿಯಲ್ಲಿ ಬಂಡೆಯ ಮೇಲೆ ಗುಂಪಾಗಿ ನಿಂತ ಇಂಥ ಕಣಜಗಳಲ್ಲಿ ತೀರ ಹಳೆಯದರ ಮೇಲೆ ೧೭೮೨ ಎಂದು ಕೆತ್ತಿದೆ. ತುದಿಯಲ್ಲಿ ಶಿಲುಬೆಯಿರುವ ಅವನ್ನು ನೋಡಿದರೆ ಅನಾದಿ ಕಾಲದ ಸಮಾಧಿಗಳೆಂದು ಭ್ರಮೆಯಾಗುತ್ತದೆ. ಒಳಗಿರುವುದು ಮಾತ್ರ ಪರದೇಶದ ಕಾಳು. ಬಟಾಟೆ ಬರುವ ಮೊದಲು ಈ ಉತ್ತರ ಸೀಮೆಯ ಬಡವರ ಹೊಟ್ಟೆ ತುಂಬಿಸುತ್ತಿದ್ದುದು ಕಾಡಿನ ಚೆಸ್ಟ್‌ನಟ್ ಕಾಯಿ. ಅದನ್ನು ಈಗ ಚಳಿಗಾಲದಲ್ಲಿ ಬೀದಿಯ ಬದಿ ಸುಟ್ಟು, ಕಾಗದದ ಪೊಟ್ಟಣದಲ್ಲಿ ಮಾರುತ್ತಾರೆ.

ಮೀನಿನ ಕಥೆಯಂತೂ ಇನ್ನೂ ವಿಚಿತ್ರ. ಪೋರ್ತುಗೀಸರ ರಾಷ್ಟ್ರೀಯ ಆಹಾರ ಬಕಲ್ಯಾವು. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಅಂಗಡಿಗಳಲ್ಲಿ ಹಲಗೆಯಂತೆ ಜೋಡಿಸಿಟ್ಟಿರುತ್ತಾರೆ. ಅದನ್ನು ಬೇಯಿಸುವ ಬಗೆಗಳು ವರ್ಷದ ದಿನಗಳಷ್ಟಿವೆ ಎಂಬ ಮಾತಿದೆ. ವಿಯಾನಾದ್ದೇ ಒಂದು ಬಗೆಯೂ ಇದೆ. ಆದರೆ ಈ ಮೀನು ಪೋರ್ತುಗಲ್ಲಿನ ಕಡಲಿನಲ್ಲಿ ಇಲ್ಲ! ಇದ್ದದ್ದು ಸಾಗರದ ಆಚೆ, ನ್ಯೂಫೌಂಡ್‌ಲ್ಯಾಂಡ್ ಮತ್ತು ಗ್ರೀನ್‌ಲ್ಯಾಂಡಿನ ಹಿಮದ ನೀರಿನಲ್ಲಿ. ವಿಯಾನಾದವನೇ ಆದ ಜುವಾವು ಆಲ್ವರಿಸ್ ಫಗುಂದಿಸ್ ಎಂಬಾತ ಆ ಕಡೆಯ ದಡಗಳನ್ನು ಕಂಡುಬಂದು ೧೫೨೧ರಲ್ಲಿ ದೊರೆ ಮನುವೇಲನಿಂದ ಅವುಗಳ ಸನ್ನದು ಪಡೆದಿದ್ದ. ೨೦ನೆಯ ಶತಮಾನದಲ್ಲಿ ಸಲಜಾರನ ಸರಕಾರ ೧೯೩೪ರಿಂದ ಈ ಮೀನುಗಾರಿಕೆಗೆ ಒತ್ತು ಕೊಟ್ಟಿತು. ವಸಂತದಲ್ಲಿ ಹೊರಟ ಬಿಳಿಯ ಹಡಗುಗಳು ಆರು ತಿಂಗಳು ಹಿಮದ ಕಡಲಿನಲ್ಲಿರುತ್ತಿದ್ದವು. ಬೆಳಗಾಗುತ್ತಲೇ ಹಡಗಿನಿಂದ ಪುಟ್ಟ ದೋಣಿಗಳನ್ನು ಇಳಿಸುವರು. ಒಂದು ದೋಣಿಗೆ ಒಬ್ಬನೇ ಆಳು. ಮಂಜಿನಲ್ಲಿ ಒಬ್ಬಂಟಿಯಾಗಿ ನೂರಾರು ಗಾಳಗಳ ಹಗ್ಗ ಬಿಟ್ಟು, ಎಳೆದು, ದೋಣಿ ತುಂಬಿಸಿಕೊಂಡು ಹಡಗನ್ನು ಹುಡುಕುತ್ತ ಬರಬೇಕು. ದಾರಿ ತಪ್ಪಿದವನು ತಪ್ಪಿದನೇ. ಈ ಪದ್ಧತಿ ೧೯೭೪ರವರೆಗೂ ನಡೆಯಿತು.

ಆ ದೋಣಿಗಳವರಿಗೆ ಆಸ್ಪತ್ರೆಯಾಗಿದ್ದ 'ಜಿಲ್ ಎಯಾನಿಶ್' ಎಂಬ ಹಡಗು ಈಗ ವಿಯಾನಾದ ಬಂದರಿನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಇಲ್ಲಿಯ ಹಡಗುಕಟ್ಟೆಯಲ್ಲಿಯೇ ಕಟ್ಟಿ ೧೯೫೫ರಲ್ಲಿ ನೀರಿಗಿಳಿಸಿದ್ದು. ಗುಜರಿಗೆ ಹೋಗಲಿದ್ದುದನ್ನು ಊರವರು ಉಳಿಸಿಕೊಂಡು ೧೯೯೮ರಲ್ಲಿ ಮರಳಿ ತಂದರು. ಶಸ್ತ್ರಚಿಕಿತ್ಸೆಯ ಕೋಣೆ, ಪ್ರಾರ್ಥನಾ ಮಂದಿರ, ರೊಟ್ಟಿ ಸುಡುವ ಒಲೆ, ಎಲ್ಲ ಅದರೊಳಗಿವೆ. ನಾನು ಬಹಳ ಹೊತ್ತು ನಿಂತದ್ದು ರೋಗಿಗಳ ಮಂಚಗಳ ಮುಂದೆ. ತೀರ ಕಿರಿದಾದ ಮಂಚಗಳು. ಈಗ ಅಂಗಡಿಯಲ್ಲಿರುವ ಬಕಲ್ಯಾವು ಬಹುಪಾಲು ನಾರ್ವೆ, ಐಸ್‌ಲ್ಯಾಂಡುಗಳಿಂದ ಬರುವಂಥದು. ಮನೆಯೊಡತಿಗೆ ಇದನ್ನು ಹೇಳಿ, "ಹಾಗಾದರೆ ಇದು ನಿಮ್ಮ ಊರಿನ ಊಟ ಹೇಗಾದೀತು?" ಎಂದು ತಮ್ಮನ ಮೂಲಕ ಕೇಳಿಸಿದೆ. ಆಕೆಯ ಗಂಡ ಗ್ರೀನ್‌ಲ್ಯಾಂಡಿಗೆ ಹೋಗುತ್ತಿದ್ದವನು. ಆಕೆ ನಗಲಿಲ್ಲ, ಸಿಟ್ಟಾಗಲಿಲ್ಲ. "ಮೀನು ಅಲ್ಲಿಯದು. ತರಲು ಹೋದವರು ಇಲ್ಲಿಯವರು," ಎಂದಳು.

ಈ ಉತ್ತರ ನನ್ನನ್ನು ಸುಮ್ಮನಾಗಿಸಿತು. ಪದಾರ್ಥ ಹುಟ್ಟಿದ ನೆಲವನ್ನು ಹುಡುಕಿ ಅಪ್ಪಟತನವನ್ನು ತೂಗುವ ನನ್ನ ತಕ್ಕಡಿ ಸರಿಯಿಲ್ಲವೆಂಬ ಗುಮಾನಿ ಮೊದಲು ಬಂದದ್ದು ಆಗ. ಅದೇ ಸಂಜೆ ಉಪಾಹಾರ ಗೃಹದ ಮೇಜಿನ ಮೇಲೆ ಕೆಂಪು ದ್ರವದ ಒಂದು ಕುಪ್ಪಿ ಕಂಡೆ: 'ಪಿರಿ-ಪಿರಿ'. ಬ್ರೆಜಿಲಿನಿಂದ ಆಫ್ರಿಕಕ್ಕೆ ಹೋಗಿ, ಅಲ್ಲಿ ಬೆಳೆದು, ಪೋರ್ತುಗಲ್ಲಿಗೆ ಬಂದ ಮೆಣಸಿನಕಾಯಿಯ ಖಾರ. ಹೆಸರು ಮಾತ್ರ ನೋಡಿ. ಸ್ವಾಹಿಲಿ ಭಾಷೆಯಲ್ಲಿ ಅದು 'ಪಿಲಿಪಿಲಿ'. ಅದು ಅರಬ್ಬಿಯ 'ಫಿಲ್ಫಿಲ್' ಶಬ್ದದಿಂದ, ಅದು ಪಾರಸಿಯ 'ಪಿಲ್‌ಪಿಲ್'ನಿಂದ, ಅದು ಸಂಸ್ಕೃತದ 'ಪಿಪ್ಪಲಿ'ಯಿಂದ ಬಂದದ್ದು. ಅಮ್ಮನ ಮದ್ದಿನ ಡಬ್ಬಿಯಲ್ಲಿ ಕೆಮ್ಮಿಗೆಂದು ಇದ್ದ ಹಿಪ್ಪಲಿ ಅದೇ. ವಸ್ತು ಅಮೆರಿಕದ್ದು, ಹೆಸರು ಭಾರತದ್ದು, ನಾಲಗೆ ಆಫ್ರಿಕದ್ದು, ಕುಪ್ಪಿ ಪೋರ್ತುಗಲ್ಲಿನದು. ಇದರ ಅಪ್ಪಟ ಊರು ಯಾವುದೆಂದು ಯಾರು ಹೇಳಬಲ್ಲರು?

ಹಬ್ಬ ನಡೆಯುವುದು ಅಗೊನಿಯಾ ಮಾತೆಯದು. ಯಾತನೆಯ ತಾಯಿ ಎಂದು ಅರ್ಥ. ಕಡಲಿಗೆ ಹೋದವರ ಯಾತನೆ, ಅವರಿಗಾಗಿ ದಡದಲ್ಲಿ ಕಾಯುವವರ ಯಾತನೆ. ೧೭೮೩ರಲ್ಲಿ ರೋಮಿನ ಅಪ್ಪಣೆ ದೊರೆತು ಪ್ರತಿ ಆಗಸ್ಟ್ ೨೦ರಂದು ಆಕೆಯ ಗುಡಿಯಲ್ಲಿ ದೊಡ್ಡ ಪೂಜೆ ನಡೆಯತೊಡಗಿತು. ಈಗ ಆ ದಿನ ಊರಿಗೇ ರಜೆ. ಅದರ ಹಿಂದಿನ ಹಲವು ದಿನಗಳೂ ಹಬ್ಬವೇ. ಚೌಕದಲ್ಲಿ ಭಾರಿ ಡೋಲುಗಳ ಮೇಳ, ಅದರ ಬಡಿತಕ್ಕೆ ಕುಣಿಯುವ ಕಾಗದದ ಬೃಹತ್ ಬೊಂಬೆಗಳು. ಡೋಲಿನ ಸದ್ದು ಎದೆಯ ಗೂಡಿನೊಳಗೇ ಮೊಳಗುತ್ತಿತ್ತು. ನಮ್ಮ ಜಾತ್ರೆಯ ಚೆಂಡೆಯ ಮುಂದೆ ನಿಂತ ಹಾಗೆ. ಆಮೇಲೆ 'ಮೊರ್ದೊಮ'ರ ಮೆರವಣಿಗೆ. ನೂರಾರು ಹೆಂಗಸರು ಕೆಂಪು, ಕಪ್ಪು, ನೀಲಿ ಕಸೂತಿಯ ಉಡುಪಿನಲ್ಲಿ, ಕತ್ತಿನಿಂದ ಹೊಟ್ಟೆಯವರೆಗೆ ಚಿನ್ನ ಹೇರಿಕೊಂಡು ನಡೆದರು. ನಮ್ಮ ಮದುವೆಮನೆಗಳಲ್ಲಿ ಕೂಡ ಇಷ್ಟು ಬಂಗಾರವನ್ನು ಒಟ್ಟಿಗೆ ಕಂಡವನಲ್ಲ ನಾನು. ಅಜ್ಜಿಯ ಸರ, ಮುತ್ತಜ್ಜಿಯ ಓಲೆ, ಚಿಕ್ಕಮ್ಮನಿಂದ ಆ ದಿನಕ್ಕೆ ಕೇಳಿ ತಂದದ್ದು, ಎಲ್ಲ ಒಬ್ಬಳ ಎದೆಯ ಮೇಲೆ.

ಇಲ್ಲಿಯೂ ನನ್ನ ಪಾಠದ ಬುದ್ಧಿ ಸುಮ್ಮನಿರಲಿಲ್ಲ. 'ವಿಯಾನಾದ ಹೃದಯ' ಎಂದು ಹೆಸರಾದ ಆ ತಂತಿಕೆಲಸದ ಪದಕವನ್ನು ಮಾಡುವ ಅಕ್ಕಸಾಲಿಗರು ಹೆಚ್ಚಾಗಿ ಇರುವುದು ಗೊಂದೊಮಾರ್, ಪೊವುವಾ ದ ಲಾನ್ಯೊಜು ಎಂಬ ಬೇರೆ ಊರುಗಳಲ್ಲಿ. ಹಳ್ಳಿಯ ಉಡುಪು, ಹಳ್ಳಿಯ ಊಟ, ಹಳ್ಳಿಯ ಕುಣಿತ ಎಂಬ ಮೆಚ್ಚಿಕೆಯನ್ನು ಸಲಜಾರನ ಕಾಲದ ಪ್ರಚಾರ ಇಲಾಖೆ ಬಹಳ ಬೆಳೆಸಿತು. ೧೯೩೮ರಲ್ಲಿ 'ಪೋರ್ತುಗಲ್ಲಿನ ಅತ್ಯಂತ ಪೋರ್ತುಗೀಸ್ ಹಳ್ಳಿ' ಯಾವುದೆಂದು ಸ್ಪರ್ಧೆಯನ್ನೇ ನಡೆಸಿ ಮೊನ್‌ಸಾಂತು ಎಂಬ ಹಳ್ಳಿಗೆ ಬಹುಮಾನ ಕೊಟ್ಟರು. ೧೯೪೨ರಿಂದ ಸರಕಾರದ ಪ್ರವಾಸಿ ಬಂಗಲೆಗಳಲ್ಲಿ ಆಯಾ ಸೀಮೆಯ ಅಡಿಗೆಯನ್ನೇ ಬಡಿಸುವ ಏರ್ಪಾಡಾಯಿತು. ಬಡವರು ಬಡವರಾಗಿಯೇ, ಅಂದವಾಗಿ, ಹಾಡಿಕೊಂಡು ಇರಲಿ ಎಂಬ ಆಳುವವರ ಇಚ್ಛೆಯೂ ಈ 'ಅಪ್ಪಟ'ದಲ್ಲಿ ಸೇರಿತ್ತು. ಇನ್ನು ಹಬ್ಬದ ಮುಕುಟವೆನಿಸಿದ ಕಡಲ ಮೆರವಣಿಗೆ, ದೇವಿಯ ವಿಗ್ರಹವನ್ನು ದೋಣಿಯಲ್ಲಿ ಕೂರಿಸಿ ಸಾಗರಕ್ಕೆ ಒಯ್ಯುವುದು, ಪ್ರಾಚೀನವೆಂದೇ ನಾನು ತಿಳಿದಿದ್ದೆ. ಅದು ಶುರುವಾದದ್ದು ೧೯೬೮ರಲ್ಲಿ! ಮನೆಯೊಡತಿಗೆ ಮೊದಲ ವರ್ಷದ ಮೆರವಣಿಗೆ ನೆನಪಿದೆ. "ಅದಕ್ಕೂ ಮೊದಲು?" ಎಂದರೆ, "ಮೊದಲು ಹಬ್ಬದ ಹೊತ್ತಿಗೆ ನಮ್ಮ ಗಂಡಸರೇ ಊರಲ್ಲಿ ಇರುತ್ತಿರಲಿಲ್ಲ. ಬರುವುದು ಚಳಿ ಶುರುವಾದ ಮೇಲೆ. ನಮ್ಮ ಹಬ್ಬ ಹಡಗು ಬಂದ ದಿನ," ಎಂದಳು.

ಆಗಸ್ಟ್ ೧೯ರ ರಾತ್ರಿ ರಿಬೈರಾದಲ್ಲಿ ಯಾರೂ ಮಲಗುವುದಿಲ್ಲ. ಬಣ್ಣ ಹಾಕಿದ ಉಪ್ಪನ್ನು ಮೂಟೆಗಟ್ಟಲೆ ತಂದು, ಬೀದಿಯ ತುಂಬ ರಂಗವಲ್ಲಿ ಹಾಸುತ್ತಾರೆ. ಲಂಗರು, ದೋಣಿ, ಬಲೆ, ಮೀನು, ಹೂವು. ಒಂದೊಂದು ಬೀದಿಗೆ ಒಂದೊಂದು ಚಿತ್ರ. ಅಜ್ಜಿಯರು ಮಣೆಯ ಮೇಲೆ ಕುಳಿತು ಅಪ್ಪಣೆ ಕೊಡುತ್ತಿದ್ದರು. ಮಕ್ಕಳು ಜರಡಿ ಹಿಡಿದು ಉಪ್ಪು ಉದುರಿಸುತ್ತಿದ್ದರು. ನನಗೂ ಒಂದು ಜರಡಿ ಕೊಟ್ಟು ನೀಲಿಯ ಅಂಚು ತುಂಬಲು ಹೇಳಿದರು. ತಲೆಯ ಮೇಲೆ ಪೂರ್ಣ ಚಂದ್ರ. ಆಗ ನೆನಪಾಯಿತು: ಆ ದಿನ ಶ್ರಾವಣದ ಹುಣ್ಣಿಮೆ, ನಮ್ಮ ನೂಲ ಹುಣ್ಣಿಮೆ. ಕರಾವಳಿಯ ಮೊಗವೀರರು ಸಮುದ್ರಪೂಜೆ ಮಾಡುವ ದಿನ. ಮಳೆಗಾಲದ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು, ದೋಣಿಗೂ ಬಲೆಗೂ ಕೇಡಾಗದಿರಲಿ ಎಂದು ಬೇಡಿಕೊಳ್ಳುವ ದಿನ. ಮರುದಿನ ಇವರ ತಾಯಿ ಕಡಲಿಗಿಳಿಯುವವಳು. ದೋಣಿಗಳೆಲ್ಲ ಬಣ್ಣದ ಕಾಗದ ಉಟ್ಟು ಹಿಂದೆ ಹೊರಟವು; ನದಿಯ ಬಾಯಿಯಲ್ಲಿ ಪಾದ್ರಿ ನೀರನ್ನು ಹರಸಿದ; ದೋಣಿಗಳ ಸೀಟಿಗಳು ಒಟ್ಟಿಗೆ ಕೂಗಿದವು. ದಡದಲ್ಲಿ ನನ್ನ ಪಕ್ಕ ನಿಂತಿದ್ದ ಹೆಂಗಸರು ಬಿಕ್ಕಿಬಿಕ್ಕಿ ಅಳುತ್ತಿದ್ದರು. ೧೯೬೮ರಲ್ಲಿ ಶುರುವಾದ ಪದ್ಧತಿಗೆ ಅಷ್ಟು ಹಳೆಯ ಕಣ್ಣೀರು! ಮರಳಿ ಬಂದ ಮೆರವಣಿಗೆ ರಾತ್ರಿಯಿಡೀ ಬಿಡಿಸಿದ ಉಪ್ಪಿನ ರಂಗವಲ್ಲಿಯನ್ನು ತುಳಿಯುತ್ತ ಹೋಯಿತು. ಯಾರಿಗೂ ಬೇಸರವಿಲ್ಲ; ಅದು ತುಳಿಯುವುದಕ್ಕೇ ಬಿಡಿಸಿದ್ದು.

ಆ ಉಪ್ಪು ನನಗೆ ಇನ್ನೊಂದು ಉಪ್ಪನ್ನು ನೆನಪಿಸಿತು. ಅದನ್ನು ಹೇಳದೆ ಹೋದರೆ ಈ ಬರಹ ಅರ್ಧ ಸತ್ಯವಾದೀತು. ತಮ್ಮ ಊರಿನ ಹಬ್ಬವನ್ನು ಇಷ್ಟು ಅಕ್ಕರೆಯಿಂದ ಕಾಯ್ದ ದೇಶ, ತಾನು ಆಳಿದ ಊರುಗಳಲ್ಲಿ ಏನು ಮಾಡಿತು? ಗೋವೆಯಲ್ಲಿ ೧೫೬೦ರಿಂದ ೧೮೧೨ರವರೆಗೆ, ನಡುವೆ ಅಲ್ಪಕಾಲ ಬಿಟ್ಟರೆ, ಇನ್‌ಕ್ವಿಸಿಷನ್ ಎಂಬ ಧರ್ಮನ್ಯಾಯಾಲಯ ನಡೆಯಿತು. ಅದು ೧೭೩೬ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ ಕ್ರೈಸ್ತರಾದ ಸ್ಥಳೀಯರು ಬಿಡಬೇಕಾದ ಆಚಾರಗಳ ಉದ್ದನೆಯ ಪಟ್ಟಿಯಿದೆ. ಮದುವೆಯ ಹಾಡುಗಳು, ಮನೆಯಂಗಳದ ತುಳಸಿ. ಇವುಗಳ ಜತೆಗೆ, ಹಿಂದೂಗಳಂತೆ ಉಪ್ಪು ಹಾಕದೆ ಅನ್ನ ಬೇಯಿಸುವುದು! ಅನ್ನದ ಪಾತ್ರೆಯೊಳಗಿನ ಉಪ್ಪನ್ನು ಕೂಡ ನ್ಯಾಯಾಲಯ ತೂಗಿ ನೋಡಿತು. ಇಂಥ ಕಿರುಕುಳಕ್ಕೂ, ಯುದ್ಧ ಬರಗಾಲಗಳಿಗೂ ಅಂಜಿ ಬಂದ ಕೊಂಕಣಿಗರು, ಹಿಂದೂಗಳೂ ಕ್ರೈಸ್ತರೂ, ನಮ್ಮ ಕನ್ನಡ ಜಿಲ್ಲೆಗಳಲ್ಲಿ ನೆಲೆಸಿದರು. ನಮ್ಮ ಬಸ್ರೂರು ಪೋರ್ತುಗೀಸರ ಬಾಯಿಯಲ್ಲಿ 'ಬಾರ್ಸೆಲೋರ್' ಆಯಿತು. ಅದರ ಅಕ್ಕಿ ಅವರ ಕೋಟೆಗಳ ಹೊಟ್ಟೆ ತುಂಬಿಸಿತು. ಆ ಅಕ್ಕಿಗಾಗಿ ನಡೆದ ಬಲಾತ್ಕಾರವೂ ಸಣ್ಣದಲ್ಲ. ೧೬೫೦ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಅವರನ್ನು ಅಲ್ಲಿಂದ ಓಡಿಸಿದ. ಚಾವಿ, ಮೇಜುಗಳ ಪಟ್ಟಿ ಓದಿ ಸಂತೋಷಪಡುವಾಗ ಈ ಲೆಕ್ಕವನ್ನೂ ನೆನಪಿನಲ್ಲಿಡಬೇಕು. ಮನೆಯೊಡತಿಯ ಮೇಲೆ ಇದರ ಹೊರೆ ಹೊರಿಸುವುದು ತಪ್ಪು. ಆದರೆ ಆಕೆಯ ಅಂಗಳದಲ್ಲಿ ಉಪ್ಪು ಉದುರಿಸಿದ ಕೈಗೆ ಇದು ಮರೆತುಹೋಗುವುದೂ ತಪ್ಪು.

ನಿದ್ದೆಗೆಟ್ಟು, ಅಲೆದಾಡಿ, ಹೊಂದದ ಆಹಾರದಿಂದ ೨೦ರ ಸಂಜೆ ನನ್ನ ಹೊಟ್ಟೆ ಕೆಟ್ಟಿತು. ಮರುದಿನ ತಿಥಿ, ಆ ರಾತ್ರಿಯೇ ಪೋರ್ತುವಿಗೆ ಮರಳಬೇಕು. ನಾನು ಕಂಬಳಿ ಹೊದ್ದು ಕುಳಿತದ್ದನ್ನು ಕಂಡ ಮನೆಯೊಡತಿ, "ಕಾಂಜ ಮಾಡಿಕೊಡುತ್ತೇನೆ," ಎಂದು ಒಳಹೋದಳು. ತಮ್ಮ ಹಿಂದೆಯೇ ಓಡಿ, "ಕೋಳಿ ಬೇಡ, ಕೋಳಿ ಬೇಡ," ಎಂದು ಕೂಗಿದ. ಕಾಂಜ ಎಂದರೆ ಪೋರ್ತುಗಲ್ಲಿನಲ್ಲಿ ಕೋಳಿಯ ನೀರಿನಲ್ಲಿ ಬೇಯಿಸಿದ ಅಕ್ಕಿ. ಕಾಯಿಲೆಯವರಿಗೆ, ಬಾಣಂತಿಯರಿಗೆ ಕೊಡುವಂಥದು. ಕೋಳಿಯಿಲ್ಲದ ಕಾಂಜವನ್ನು ಆಕೆ ಜನ್ಮದಲ್ಲಿ ಮಾಡಿರಲಿಲ್ಲ. ತಲೆಯಾಡಿಸುತ್ತಲೇ ಬರಿಯ ಅಕ್ಕಿಯನ್ನು ನೀರಿನಲ್ಲಿ ಕರಗುವಂತೆ ಬೇಯಿಸಿ, ಉಪ್ಪು ಹಾಕಿ, ಬಿಸಿಬಿಸಿಯಾಗಿ ತಂದುಕೊಟ್ಟಳು. ಒಂದು ಗುಟುಕು ಕುಡಿದೆ. ಗಂಜಿ! ಹೆಸರೂ ಅದೇ, ವಸ್ತುವೂ ಅದೇ. ಗೋವೆಯಲ್ಲಿ ವೈದ್ಯನಾಗಿದ್ದ ಗಾರ್ಸಿಯಾ ದ ಓರ್ತಾ ೧೫೬೩ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಗ್ರಂಥದಲ್ಲಿ, ವಾಂತಿಭೇದಿಯವರಿಗೆ ಈ ದೇಶದ ವೈದ್ಯರು ಕೊಡುವ ಅಕ್ಕಿಯ ತಿಳಿಯ ಮಾತೆತ್ತಿ, ಅದಕ್ಕೆ ಒಳ್ಳೆಮೆಣಸು, ಜೀರಿಗೆ ಹಾಕುತ್ತಾರೆಂದೂ 'ಕಾಂಜೆ' ಎನ್ನುತ್ತಾರೆಂದೂ ಬರೆದಿದ್ದಾನೆ. ನಮ್ಮ ದಡದಿಂದ ಹೋದ ಆ ಗಂಜಿ ನಾಲ್ಕೂವರೆ ಶತಮಾನ ಅವರ ಮನೆಗಳಲ್ಲಿ ಬೆಂದು, ಕೋಳಿಯನ್ನು ಸೇರಿಸಿಕೊಂಡು, ಅಜ್ಜಿಯರ ಕೈಯ ಔಷಧವಾಗಿದೆ. "ಇದು ನಮ್ಮ ದೇಶದ್ದು," ಎಂದು ತಮ್ಮ ಹೇಳಿದ್ದಕ್ಕೆ ಆಕೆ ನಂಬಲಿಲ್ಲ. ತನ್ನ ತಾಯಿ ಕಲಿಸಿದ್ದೆಂದು ಖಡಾಖಂಡಿತವಾಗಿ ಹೇಳಿದಳು. ಆಕೆಯ ಮಾತೂ ನಿಜವೇ.

ಮರುದಿನ ಪೋರ್ತುವಿನ ಮಾರುಕಟ್ಟೆಯಲ್ಲಿ ತಿಥಿಗೆ ತರಕಾರಿ ಆರಿಸುವ ಕೆಲಸ. ತಮ್ಮ ಒಂದೊಂದನ್ನೇ ಎತ್ತಿ ತೋರಿಸುವನು, ನಾನು ತಲೆಯಾಡಿಸುವೆನು. ಬಟಾಟೆ ಆಗದು. ಟೊಮೇಟೊ ಆಗದು. ಮೆಣಸಿನಕಾಯಿ ಆಗದು. ಬೀನ್ಸ್ ಆಗದು. ಕೋಸು ಆಗದು. "ಅಮ್ಮ ದಿನವೂ ಮೆಣಸಿನಕಾಯಿ ಹುರಿದೇ ಅಡಿಗೆ ಮಾಡುತ್ತಿದ್ದಳಲ್ಲ, ತಿಥಿಗೆ ಮಾತ್ರ ಯಾಕೆ ಬೇಡ?" ಎಂದು ಅವನು ಹಳೆಯ ಪ್ರಶ್ನೆಯನ್ನೇ ಕೇಳಿದ. ಈ ಸಲ ನನಗೆ ಸಿಟ್ಟು ಬರಲಿಲ್ಲ. ವಿಯಾನಾದಲ್ಲಿ ಉಂಡದ್ದನ್ನೆಲ್ಲ ನೆನಪಿಸಿ ಹೇಳಿದೆ: "ಈ ಪಟ್ಟಿಯಲ್ಲಿ ನೀರುಳ್ಳಿ, ಬೆಳ್ಳುಳ್ಳಿ, ನುಗ್ಗೆ ಬಿಡು, ಅವು ಇಲ್ಲಿಯವೇ, ಬೇರೆ ಕಾರಣಕ್ಕೆ ಬೇಡವಾದವು. ಉಳಿದವೆಲ್ಲ ಈ ಜನರ ಹಡ��ಿನಲ್ಲೋ, ಇವರ ಹಿಂದೆ ಬಂದವರ ಹಡಗಿನಲ್ಲೋ ಬಂದವು. ನಾವು ದಿನದ ಅಡಿಗೆಗೆ ಅವನ್ನು ಸೇರಿಸಿಕೊಂಡೆವು. ಹಿರಿಯರಿಗೆ ಬಡಿಸುವಾಗ ಮಾತ್ರ, ಅವರು ಉಂಡು ಬಲ್ಲದ್ದನ್ನೇ ಬಡಿಸುತ್ತ ಬಂದೆವು. ಮುತ್ತಜ್ಜನ ಮುತ್ತಜ್ಜನಿಗೆ ಮೆಣಸಿನಕಾಯಿ ಗೊತ್ತಿರಲಿಲ್ಲ. ಅವನ ಎಲೆಗೆ ಅದು ಬೇಡ. ಅಷ್ಟೇ."

ಶಾಸ್ತ್ರಿಗಳು ಕೇಳಿದರೆ ಬೇರೆ ವಿವರಣೆ ಕೊಟ್ಟಾರು. ನಾನು ಕೂಡ ಆ ವರ್ಷದವರೆಗೆ ಅದನ್ನು ಶುದ್ಧಿ-ಮೈಲಿಗೆಯ ಮಾತೆಂದೇ ತಿಳಿದು, ತಮ್ಮನ ಮೇಲೆ ಹೇರಲು ನೋಡಿದ್ದೆ. ಅಮ್ಮ ದಿನವೂ ಮಾಡುತ್ತಿದ್ದ ಮೆಣಸಿನಕಾಯಿಯ ಹುಳಿ ಕಡಿಮೆ ಅಪ್ಪಟವಾಗಿತ್ತೇ? ಇಲ್ಲ. ಮುದುಕಿಯ ಬಕಲ್ಯಾವೂ, ಆಕೆಯ ಕಾಂಜವೂ ಇಲ್ಲ. ಆದರೆ ಮೀನು ತರಲು ಹೋದವರನ್ನು ಆಕೆ ನೆನೆಯುವ ಹಾಗೆ, ಒಂದು ದಿನವಾದರೂ ಹಡಗು ಬರುವುದಕ್ಕೆ ಮೊದಲಿನ ನಾಲಗೆಯನ್ನು ನೆನೆಯುವುದು ನಮಗೆ ಉಳಿದಿದೆ.

ಭಾರತದವರ ಅಂಗಡಿಯಲ್ಲಿ ಹಾಗಲಕಾಯಿ, ಬಾಳೆಕಾಯಿ ದೊರೆತವು. ಕಾಳುಮೆಣಸು, ಜೀರಿಗೆ, ಎಳ್ಳು, ಉದ್ದು ನಾನು ತಂದಿದ್ದೆ. ಪುರೋಹಿತರಿಲ್ಲ. ಬಲ್ಲಷ್ಟು ಮಂತ್ರ ಹೇಳಿ, ಎಳ್ಳುನೀರು ಬಿಟ್ಟು, ಅಣ್ಣತಮ್ಮಂದಿರೇ ಅಡಿಗೆ ಮಾಡಿದೆವು. ಅಮ್ಮನ ಹೆಸರು ಹೇಳುವಾಗ ತಮ್ಮನ ದನಿ ತಡೆಯಿತು. ಮೂರು ವರ್ಷದಿಂದ ಅವನು ಅದನ್ನು ಗಟ್ಟಿಯಾಗಿ ಹೇಳಿರಲಿಲ್ಲವಂತೆ. ಮಹಡಿಯ ಕಟಕಟೆಯ ಮೇಲೆ ಎಡೆ ಇಟ್ಟು ಕಾದೆವು. ಕಾಗೆ ಬರಲಿಲ್ಲ. ದೋರು ನದಿಯ ಕಡೆಯಿಂದ ದೊಡ್ಡದೊಂದು ಕಡಲಹಕ್ಕಿ ಬಂದು, ನಮ್ಮನ್ನು ಓರೆಯಾಗಿ ನೋಡಿ, ಅನ್ನವನ್ನೂ ಉದ್ದಿನ ವಡೆಯನ್ನೂ ಎತ್ತಿಕೊಂಡು ಹೋಯಿತು.

ಊಟಕ್ಕೆ ಕುಳಿತಾಗ ತಮ್ಮನ ಕೈ ಅಭ್ಯಾಸಬಲದಿಂದ ಮೇಜಿನ ಮೂಲೆಯಲ್ಲಿದ್ದ ಪಿರಿ-ಪಿರಿ ಕುಪ್ಪಿಯ ಕಡೆ ಹೋಯಿತು. ಅದನ್ನು ಎತ್ತಿ ಅಲಮಾರಿನಲ್ಲಿಟ್ಟು ಬಂದು, "ಒಳ್ಳೆಮೆಣಸಿನ ಸಾರಿಗೆ ಜೀರಿಗೆ ಎಷ್ಟು ಹಾಕಿದೆ, ಅಣ್ಣ?" ಎಂದು ಕೇಳಿದ. ಹೇಳಿದೆ. ಅವನು ಕೈ ತೊಳೆದು ಬಂದು ಅದನ್ನು ಬರೆದಿಟ್ಟುಕೊಂಡ.